ಗುಳಿಗೆ ಮೊದಲೋ, ಟಿಕ್ ಮೊದಲೋ: ಐವತ್ತು ವರ್ಷಗಳ ಒಂದು ವಾದ

‘ಗುಳಿಗಿ ಚಾಲೂ ಮಾಡಿದ ಮ್ಯಾಲೆ ಹುಡುಗ ಒಂದ ಸವನ ಕಣ್ಣ ಮಿಟಕ್ಸಾಕ ಹತ್ಯಾನ್ರಿ, ಸಾಹೇಬ್ರ.’

ಸವದತ್ತಿ, ರಾಮದುರ್ಗ, ಬೈಲಹೊಂಗಲ, ಕಿತ್ತೂರು ಸೀಮೆಯ ತಾಯಿಯೊಬ್ಬಳು ಮಕ್ಕಳ ಮನೋವೈದ್ಯರ ಮುಂದೆ ಹೀಗೆ ಹೇಳಿದರೆ ಆ ಒಂದೇ ಮಾತಿನಲ್ಲಿ ದೂರೂ ಇದೆ, ತೀರ್ಪೂ ಇದೆ. ಹುಡುಗನಿಗೆ ಎಡಿಎಚ್‌ಡಿ ಇದೆ, ಅಂದರೆ ಗಮನ ನಿಲ್ಲದ, ಕೂತಲ್ಲಿ ಕೂರಲಾಗದ ತೊಂದರೆ. ಅದಕ್ಕೆ ಮಿಥೈಲ್‌ಫೆನಿಡೇಟ್ ಎಂಬ ಉತ್ತೇಜಕ ಗುಳಿಗೆ ಶುರುವಾಗಿದೆ. ಕೆಲವು ವಾರಗಳಲ್ಲಿ ಕಣ್ಣು ಮಿಟುಕಿಸುವುದು, ಹೆಗಲು ಕುಣಿಸುವುದು, ಗಂಟಲು ಕೆರೆಯುವಂತೆ ಸದ್ದು ಮಾಡುವುದು ಕಾಣಿಸಿಕೊಂಡಿದೆ. ಗುಳಿಗೆ ನಿಲ್ಲಿಸಿದರೆ ಶಾಲೆಯ ಪಾಠ ಮತ್ತೆ ಕೈತಪ್ಪುತ್ತದೆ. ಮುಂದುವರಿಸಿದರೆ ಮಗುವಿಗೆ ನಾವೇ ಕೇಡು ಮಾಡುತ್ತಿದ್ದೇವೆ ಎಂಬ ಅಳುಕು ಬಿಡುವುದಿಲ್ಲ.

ವೈದ್ಯಲೋಕ ಈ ಪ್ರಶ್ನೆಯ ಮೇಲೆ 1970ರ ದಶಕದಿಂದ ವಾದಿಸುತ್ತ ಬಂದಿದೆ. ಹತ್ತು ವರ್ಷ ‘ಗುಳಿಗೆಯೇ ಕಾರಣ’ ಎಂಬ ಮಾತು ಮೇಲುಗೈ ಪಡೆದಿತ್ತು. ಆಮೇಲಿನ ಮೂವತ್ತು ವರ್ಷಗಳ ಪ್ರಯೋಗಗಳು ಅದನ್ನು ಬಹುಮಟ್ಟಿಗೆ ತಲೆಕೆಳಗು ಮಾಡಿದವು. ಆದರೂ ಔಷಧದ ಜೊತೆ ಬರುವ ಮಾಹಿತಿ ಚೀಟಿಯಲ್ಲಿ ಎಚ್ಚರಿಕೆ ಉಳಿದಿದೆ, ಮನೆಯವರ ಮನಸ್ಸಿನಲ್ಲಿ ಭಯವೂ ಉಳಿದಿದೆ.

ಎರಡು ತೊಂದರೆ, ಒಂದೇ ಮಗು

ಟಿಕ್ ಎಂದರೆ ಇದ್ದಕ್ಕಿದ್ದಂತೆ ಬರುವ, ಚುಟುಕಾದ, ಮತ್ತೆ ಮತ್ತೆ ಅದೇ ರೂಪದಲ್ಲಿ ಮರಳುವ ಚಲನೆ ಅಥವಾ ಸದ್ದು. ಅದು ಬರುವ ಮುಂಚೆ ಆ ಜಾಗದಲ್ಲಿ ಒಂಥರಾ ತಹತಹ ಆಗುತ್ತದೆ ಎಂದು ದೊಡ್ಡ ಮಕ್ಕಳು ಹೇಳುತ್ತಾರೆ. ಸ್ವಲ್ಪ ಹೊತ್ತು ತಡೆದು ಹಿಡಿಯಬಹುದು, ಪೂರ್ತಿ ನಿಲ್ಲಿಸಲಾಗದು. ಹಲವು ಚಲನೆಗಳ ಜೊತೆಗೆ ಸದ್ದಿನ ಟಿಕ್ ಕೂಡ ಇದ್ದು, ಇವು ಒಂದು ವರ್ಷಕ್ಕಿಂತ ಹೆಚ್ಚು ಕಾಲ ಉಳಿದರೆ ಅದನ್ನು ಟುರೆಟ್ ಸಿಂಡ್ರೋಮ್ ಎನ್ನುತ್ತಾರೆ. 1885ರಲ್ಲಿ ಫ್ರಾನ್ಸಿನ ಜಾರ್ಜ್ ಜಿಲ್ ದ ಲ ಟುರೆಟ್ ಒಂಬತ್ತು ರೋಗಿಗಳ ವಿವರ ಬರೆದದ್ದರಿಂದ ಈ ಹೆಸರು ಬಂತು.

ಶಾಲೆಯ ವಯಸ್ಸಿನಲ್ಲಿ ಕೆಲವು ತಿಂಗಳು ಕಾಣಿಸಿಕೊಂಡು ತಾನಾಗಿ ಮಾಯವಾಗುವ ಟಿಕ್ ಅಪರೂಪವೇನಲ್ಲ. ಉಳಿದುಕೊಳ್ಳುವ ಟಿಕ್‌ಗೂ ಒಂದು ಗೊತ್ತಾದ ನಡೆ ಇದೆ. ನಾಲ್ಕರಿಂದ ಆರು ವರ್ಷದ ಆಸುಪಾಸಿನಲ್ಲಿ ಶುರುವಾಗಿ, ಹತ್ತು–ಹನ್ನೆರಡರ ಹೊತ್ತಿಗೆ ಅತಿ ಹೆಚ್ಚಾಗಿ, ಹದಿಹರೆಯ ಮುಗಿಯುವ ವೇಳೆಗೆ ಬಹುಪಾಲು ಮಕ್ಕಳಲ್ಲಿ ಇಳಿಯುತ್ತದೆ. ಈ ಏರಿಳಿತದೊಳಗೇ ವಾರ, ತಿಂಗಳ ಲೆಕ್ಕದ ಸಣ್ಣ ಏರಿಳಿತಗಳೂ ಇವೆ. ದಣಿವು, ಗಾಬರಿ, ಪರೀಕ್ಷೆ, ಜಾತ್ರೆಯ ಗದ್ದಲ, ಎಲ್ಲವೂ ಅದನ್ನು ಹೆಚ್ಚಿಸಬಲ್ಲವು.

ಈ ಎರಡು ತೊಂದರೆಗಳೂ ಸೇರಿಕೊಂಡು ಬರುವ ಸ್ವಭಾವದವು. ಟುರೆಟ್ ಇರುವ ಮಕ್ಕಳಲ್ಲಿ ಅರ್ಧಕ್ಕಿಂತ ಹೆಚ್ಚಿನವರಿಗೆ ಎಡಿಎಚ್‌ಡಿ ಇರುತ್ತದೆ. ಎಡಿಎಚ್‌ಡಿ ಇರುವವರಲ್ಲಿ ಸುಮಾರು ಐದರಲ್ಲಿ ಒಬ್ಬರಿಗೆ ಟಿಕ್ ಇರುತ್ತದೆ. ಸಾಮಾನ್ಯವಾಗಿ ಮೊದಲು ಕಾಣುವುದು ಚಂಚಲತೆ. ಎರಡು ಮೂರು ವರ್ಷಗಳ ನಂತರ ಟಿಕ್. ಇಡೀ ವಾದದ ಗಂಟು ಬಿದ್ದಿರುವುದು ಇಲ್ಲಿಯೇ.

ಭಯ ಹುಟ್ಟಿದ ಬಗೆ

ಉತ್ತೇಜಕ ಔಷಧದ ಕಥೆ 1937ರಲ್ಲಿ ಅಮೆರಿಕದ ರೋಡ್ ಐಲೆಂಡ್‌ನಲ್ಲಿ ಶುರುವಾಗುತ್ತದೆ. ಅಲ್ಲಿನ ಮಕ್ಕಳ ಆಸ್ಪತ್ರೆಯೊಂದರಲ್ಲಿ ಚಾರ್ಲ್ಸ್ ಬ್ರಾಡ್ಲಿ ಎಂಬ ವೈದ್ಯರು ಮೂವತ್ತು ಮಕ್ಕಳಿಗೆ ಬೆಂಜೆಡ್ರಿನ್ ಎಂಬ ಆಂಫೆಟಮಿನ್ ಕೊಟ್ಟು ನೋಡಿದರು. ಹದಿನಾಲ್ಕು ಮಕ್ಕಳ ಶಾಲೆಯ ಕೆಲಸದಲ್ಲಿ ಎದ್ದು ಕಾಣುವಂಥ ಸುಧಾರಣೆಯಾಯಿತು. 1944ರಲ್ಲಿ ಸ್ವಿಟ್ಜರ್ಲೆಂಡಿನ ಸೀಬಾ ಕಂಪನಿಯ ಲಿಯಾಂಡ್ರೊ ಪಾನಿಜೋನ್ ಮಿಥೈಲ್‌ಫೆನಿಡೇಟ್ ತಯಾರಿಸಿದರು. ಹೆಂಡತಿ ರೀಟಾಳ ಹೆಸರಿನಿಂದ ಅದಕ್ಕೆ ರಿಟಾಲಿನ್ ಎಂಬ ಹೆಸರು ಬಂತು. 1950ರ ದಶಕದಲ್ಲಿ ಅದು ಮಾರುಕಟ್ಟೆಗೆ ಬಂದು, ಮುಂದಿನ ದಶಕಗಳಲ್ಲಿ ಚಂಚಲ ಮಕ್ಕಳ ಮುಖ್ಯ ಮದ್ದಾಯಿತು.

1974ರಲ್ಲಿ ಜೆರಾಲ್ಡ್ ಗೋಲ್ಡನ್ ಎಂಬ ನರವೈದ್ಯರು ಮಿಥೈಲ್‌ಫೆನಿಡೇಟ್ ಕೊಟ್ಟ ನಂತರ ಟುರೆಟ್ ಕಾಣಿಸಿಕೊಂಡ ಪ್ರಕರಣವನ್ನು ವರದಿ ಮಾಡಿದರು. 1976ರಲ್ಲಿ ಮಾರ್ಥಾ ಡೆಂಕ್ಲಾ ಮತ್ತು ಸಂಗಡಿಗರು ಈ ಔಷಧ ಪಡೆದ 1,520 ಮಕ್ಕಳ ದಾಖಲೆ ತೆಗೆದು ನೋಡಿದಾಗ 20 ಮಕ್ಕಳಲ್ಲಿ ಟಿಕ್ ಹೊಸದಾಗಿ ಬಂದಿತ್ತು ಅಥವಾ ಇದ್ದದ್ದು ಹೆಚ್ಚಾಗಿತ್ತು. ಶೇ 1.3 ಎಂಬುದು ದೊಡ್ಡ ಅಂಕಿಯಲ್ಲ. ಆದರೆ ವೈದ್ಯರ ಕಿವಿ ನೆಟ್ಟಗಾಯಿತು. 1982ರಲ್ಲಿ ಥಾಮಸ್ ಲೋ, ಡೊನಾಲ್ಡ್ ಕೋಹೆನ್ ಮೊದಲಾದವರು ಹದಿನೈದು ಮಕ್ಕಳ ಪ್ರಕರಣ ಮುಂದಿಟ್ಟು, ಟಿಕ್ ಇರುವ ಅಥವಾ ಮನೆತನದಲ್ಲಿ ಟಿಕ್ ಇರುವ ಮಗುವಿಗೆ ಉತ್ತೇಜಕ ಕೊಡಬಾರದು ಎಂದರು. ಮರುವರ್ಷವೇ ಅಮೆರಿಕದಲ್ಲಿ ಔಷಧದ ಚೀಟಿಯ ಮೇಲೆ ಈ ನಿಷೇಧ ಅಚ್ಚಾಯಿತು.

ಒಂದನೆಯ ಪಂಥ: ಗುಳಿಗೆಯೇ ಕಾರಣ

ಈ ಪಂಥದ ಬಲ ಇರುವುದು ಮೆದುಳಿನ ರಸಾಯನದಲ್ಲಿ. ಚಲನೆಯನ್ನು ಹದಗೊಳಿಸುವ ಮೆದುಳಿನ ಒಳಭಾಗದ ಗಂಟುಗಳಲ್ಲಿ ಡೋಪಮಿನ್ ಎಂಬ ರಾಸಾಯನಿಕ ಕೆಲಸ ಮಾಡುತ್ತದೆ. ಡೋಪಮಿನ್ ತಡೆಯುವ ಹ್ಯಾಲೊಪೆರಿಡಾಲ್‌ನಿಂದ ಟಿಕ್ ಇಳಿಯುತ್ತದೆ ಎಂಬುದು 1960ರ ದಶಕದಲ್ಲಿಯೇ ಗೊತ್ತಾಗಿತ್ತು. ಮಿಥೈಲ್‌ಫೆನಿಡೇಟ್ ಮಾಡುವುದು ಇದಕ್ಕೆ ವಿರುದ್ಧ ಕೆಲಸ. ನರತುದಿಗಳು ಡೋಪಮಿನ್ನನ್ನು ಮರಳಿ ಹೀರಿಕೊಳ್ಳದಂತೆ ತಡೆದು, ಹೊರಗೆ ಅದರ ಪ್ರಮಾಣ ಏರುವಂತೆ ಮಾಡುತ್ತದೆ. ತಡೆದರೆ ಟಿಕ್ ಇಳಿಯುವುದಾದರೆ ಏರಿಸಿದರೆ ಟಿಕ್ ಏರಲೇಬೇಕು ಎಂಬುದು ಸರಳ ತರ್ಕ.

ಕೆಲವು ಮಕ್ಕಳಲ್ಲಿ ಈ ತರ್ಕ ಕಣ್ಣಿಗೆ ಕಾಣುವಂತೆ ನಿಜವಾಗುವುದೂ ಉಂಟು. ಗುಳಿಗೆ ಕೊಟ್ಟಾಗ ಟಿಕ್ ಬರುತ್ತದೆ, ನಿಲ್ಲಿಸಿದಾಗ ಹೋಗುತ್ತದೆ, ಮತ್ತೆ ಕೊಟ್ಟಾಗ ಮರಳುತ್ತದೆ. ಅಂಥ ಮಗುವನ್ನು ಕಂಡ ವೈದ್ಯರು ಸರಾಸರಿಯ ಲೆಕ್ಕಕ್ಕೆ ಸುಲಭವಾಗಿ ತಲೆಬಾಗುವುದಿಲ್ಲ. ಅವರ ಹಟಕ್ಕೆ ಅರ್ಥವಿದೆ.

ಈ ಪಂಥದ ದೌರ್ಬಲ್ಯ ಹೋಲಿಕೆ ಇಲ್ಲದಿರುವುದು. ಗುಳಿಗೆ ತಿಂದು ಟಿಕ್ ಬಂದ ಮಗು ವೈದ್ಯರ ಬಳಿ ಬರುತ್ತದೆ. ಗುಳಿಗೆ ತಿನ್ನದೆ ಅದೇ ವಯಸ್ಸಿನಲ್ಲಿ ಟಿಕ್ ಬಂದ ಮಗುವನ್ನು ಯಾರೂ ಈ ಲೆಕ್ಕಕ್ಕೆ ತರುವುದಿಲ್ಲ.

ಎರಡನೆಯ ಪಂಥ: ಕಾಲ ಕೂಡಿಬಂತು, ಅಷ್ಟೇ

ಏಳೆಂಟು ವರ್ಷಕ್ಕೆ ಎಡಿಎಚ್‌ಡಿ ಗುರುತಾಗುತ್ತದೆ, ಗುಳಿಗೆ ಶುರುವಾಗುತ್ತದೆ. ಟಿಕ್ ಕಾಣಿಸಿಕೊಳ್ಳುವ, ಬಲಿಯುವ ವಯಸ್ಸೂ ಅದೇ. ಹೀಗಾಗಿ ಗುಳಿಗೆಯ ಹಿಂದೆಯೇ ಟಿಕ್ ಬಂದರೂ ಒಂದರಿಂದ ಇನ್ನೊಂದು ಹುಟ್ಟಿತು ಎನ್ನಲಾಗದು ಎಂಬುದು ಈ ಪಂಥದ ವಾದ. ಕಾಗೆ ಕೂತಾಗ ಟೊಂಗೆ ಮುರಿದಂತೆ. ಇದರ ಜೊತೆಗೆ ಶಾಲೆಯ ಪಂಚಾಂಗವನ್ನೂ ಸೇರಿಸಿ ನೋಡಬೇಕು. ನಮ್ಮಲ್ಲಿ ಶಾಲೆ ತೆರೆದು, ಹೊಸ ತರಗತಿಯ ಮಾಸ್ತರರಿಂದ ದೂರು ಬಂದ ಮೇಲೆಯೇ ಮಗುವನ್ನು ಡಾಕ್ಟರರಿಗೆ ತೋರಿಸುವುದು ಹೆಚ್ಚು. ಮಗು ಅತಿ ಒತ್ತಡದಲ್ಲಿರುವ ಹೊತ್ತಿನಲ್ಲಿಯೇ ಗುಳಿಗೆ ಶುರುವಾಗುತ್ತದೆ, ಆ ಒತ್ತಡವೇ ಟಿಕ್ಕನ್ನೂ ಹೆಚ್ಚಿಸುತ್ತದೆ.

ಮೊದಲ ಗಟ್ಟಿ ಸಾಕ್ಷ್ಯ 1986ರಲ್ಲಿ ಅವಳಿಗಳಿಂದ ಬಂತು. ತದ್ರೂಪಿ ಅವಳಿಗಳಲ್ಲಿ ಒಬ್ಬ ಉತ್ತೇಜಕ ಪಡೆದಿದ್ದು ಇನ್ನೊಬ್ಬ ಪಡೆಯದೆ ಇದ್ದ ಜೋಡಿಗಳನ್ನು ಅಮೆರಿಕದ ಯೇಲ್‌ನ ಸಂಶೋಧಕರು ನೋಡಿದಾಗ, ಗುಳಿಗೆ ಮುಟ್ಟದವನಲ್ಲಿಯೂ ಟಿಕ್ ಇತ್ತು. ಮನೆತನದ ಬಳುವಳಿ ಗುಳಿಗೆಗಿಂತ ಬಲವಾಗಿ ಕಾಣಿಸಿತು.

ನಂತರ ಬಂದವು ಖಾಲಿ ಗುಳಿಗೆಯ ಪ್ರಯೋಗಗಳು. ಯಾರಿಗೆ ಔಷಧ, ಯಾರಿಗೆ ಔಷಧವಿಲ್ಲದ ಗುಳಿಗೆ ಎಂಬುದು ಮನೆಯವರಿಗೂ ವೈದ್ಯರಿಗೂ ತಿಳಿಯದಂತೆ ಹಂಚುವ ಪದ್ಧತಿ ಇದು. 1999ರಲ್ಲಿ ಕೆನಡಾದ ಲಾ ಮತ್ತು ಶಾಚರ್ 91 ಮಕ್ಕಳನ್ನು ಹೀಗೆ ನೋಡಿದರು. ಮೊದಲು ಟಿಕ್ ಇಲ್ಲದವರಲ್ಲಿ ಔಷಧ ಪಡೆದ ಶೇ 19.6 ಮಕ್ಕಳಿಗೆ ಟಿಕ್ ಬಂತು, ಖಾಲಿ ಗುಳಿಗೆಯ ಶೇ 16.7 ಮಕ್ಕಳಿಗೂ ಬಂತು. ಅದಾಗಲೇ ಟಿಕ್ ಇದ್ದವರಲ್ಲಿ ಎರಡೂ ಗುಂಪುಗಳ ಮೂರನೇ ಒಂದು ಭಾಗಕ್ಕೆ ಹೆಚ್ಚಾಯಿತು.

2002ರ ಅಮೆರಿಕದ ಟುರೆಟ್ ಸಿಂಡ್ರೋಮ್ ಸ್ಟಡಿ ಗ್ರೂಪಿನ ಪ್ರಯೋಗ ಈ ವಾದದ ತಿರುವು. ಎಡಿಎಚ್‌ಡಿ ಮತ್ತು ಟಿಕ್ ಎರಡೂ ಇದ್ದ 136 ಮಕ್ಕಳನ್ನು ನಾಲ್ಕು ಗುಂಪು ಮಾಡಿ, ಮಿಥೈಲ್‌ಫೆನಿಡೇಟ್, ಕ್ಲೊನಿಡಿನ್, ಎರಡೂ ಸೇರಿಸಿ, ಮತ್ತು ಖಾಲಿ ಗುಳಿಗೆಯನ್ನು 16 ವಾರ ಕೊಟ್ಟರು. ಟಿಕ್ ಹೆಚ್ಚಾಯಿತೆಂಬ ದೂರು ಮಿಥೈಲ್‌ಫೆನಿಡೇಟ್ ಗುಂಪಿನಲ್ಲಿ ಶೇ 20, ಕ್ಲೊನಿಡಿನ್ ಗುಂಪಿನಲ್ಲಿ ಶೇ 26, ಖಾಲಿ ಗುಳಿಗೆಯಲ್ಲಿ ಶೇ 22. ಟಿಕ್ ಇಳಿಸುವ ಮದ್ದೆಂದೇ ಹೆಸರಾದ ಕ್ಲೊನಿಡಿನ್ ಪಡೆದವರಲ್ಲಿಯೂ ದೂರು ಬಂದದ್ದು ಗಮನಿಸಬೇಕಾದ ಮಾತು. 2015ರಲ್ಲಿ 22 ಪ್ರಯೋಗಗಳ 2,385 ಮಕ್ಕಳ ಲೆಕ್ಕ ಒಟ್ಟುಗೂಡಿಸಿದಾಗ ಟಿಕ್ ಹೊಸದಾಗಿ ಬಂದವರು ಅಥವಾ ಹೆಚ್ಚಾದವರು ಉತ್ತೇಜಕದ ಗುಂಪಿನಲ್ಲಿ ಶೇ 5.7, ಖಾಲಿ ಗುಳಿಗೆಯಲ್ಲಿ ಶೇ 6.5 ಎಂಬ ಫಲ ಬಂತು.

ಈ ಪಂಥ ಸರಾಸರಿಯನ್ನು ಚೆನ್ನಾಗಿ ವಿವರಿಸುತ್ತದೆ. ನಿಲ್ಲಿಸಿದಾಗ ಹೋಗಿ, ಕೊಟ್ಟಾಗ ಮರಳುವ ಆ ಒಂದು ಮಗುವಿನ ಬಗ್ಗೆ ಮಾತ್ರ ಅದರ ಬಳಿ ಹೆಚ್ಚು ಮಾತಿಲ್ಲ.

ಮೂರನೆಯ ಪಂಥ: ಯಾವ ಮದ್ದು, ಎಷ್ಟು ಪ್ರಮಾಣ

‘ಉತ್ತೇಜಕ’ ಎಂದು ಎಲ್ಲವನ್ನೂ ಒಂದೇ ಬುಟ್ಟಿಗೆ ಹಾಕಿದ್ದೇ ತಪ್ಪು ಎನ್ನುವವರು ಇವರು. 1997ರಲ್ಲಿ ಫ್ರಾನ್ಸಿಸ್ಕೊ ಕಾಸ್ಟೆಯಾನೋಸ್ ಮತ್ತು ಸಂಗಡಿಗರು ಟುರೆಟ್ ಮತ್ತು ಎಡಿಎಚ್‌ಡಿ ಇದ್ದ ಹುಡುಗರಿಗೆ ಮಿಥೈಲ್‌ಫೆನಿಡೇಟ್ ಮತ್ತು ಡೆಕ್ಸ್‌ಟ್ರೊಆಂಫೆಟಮಿನ್ ಎರಡನ್ನೂ ಸರದಿಯಲ್ಲಿ, ಪ್ರಮಾಣ ಏರಿಸುತ್ತ ಕೊಟ್ಟು ನೋಡಿದರು. ಪ್ರಮಾಣ ಬಹಳ ಏರಿದಾಗ ಟಿಕ್ ಹೆಚ್ಚಿತು. ಮಿಥೈಲ್‌ಫೆನಿಡೇಟ್ ಮುಂದುವರಿಸಿದಾಗ ಅನೇಕರಲ್ಲಿ ಅದು ಮತ್ತೆ ಇಳಿಯಿತು, ಡೆಕ್ಸ್‌ಟ್ರೊಆಂಫೆಟಮಿನ್‌ನಲ್ಲಿ ಹಾಗೆ ಇಳಿದದ್ದು ಕಡಿಮೆ. 2009ರ ಒಂದು ಸಮಗ್ರ ವಿಶ್ಲೇಷಣೆಯೂ ಇದೇ ದಿಕ್ಕಿಗೆ ಬೆರಳು ತೋರಿಸಿತು: ವಾಡಿಕೆಯ ಪ್ರಮಾಣದ ಮಿಥೈಲ್‌ಫೆನಿಡೇಟ್‌ನಿಂದ ಸರಾಸರಿಯಲ್ಲಿ ಕೇಡು ಕಾಣದು, ವಾಡಿಕೆ ಮೀರಿದ ಪ್ರಮಾಣದ ಡೆಕ್ಸ್‌ಟ್ರೊಆಂಫೆಟಮಿನ್‌ನಿಂದ ಕಾಣುತ್ತದೆ.

ಭಾರತದ ಓದುಗರಿಗೆ ಇದು ಸ್ವಲ್ಪ ನೆಮ್ಮದಿಯ ಮಾತು. ಎಡಿಎಚ್‌ಡಿಗೆ ನಮ್ಮಲ್ಲಿ ಬಳಕೆಯಲ್ಲಿರುವ ಉತ್ತೇಜಕ ಮಿಥೈಲ್‌ಫೆನಿಡೇಟ್. ಪ್ರಮಾಣ ಏರಿದಾಗ ಹೆಚ್ಚು ಕೇಡು ತೋರಿದ ಆಂಫೆಟಮಿನ್ ವರ್ಗದ್ದಲ್ಲ.

ನಾಲ್ಕನೆಯ ಮಾತು: ಟಿಕ್ ಇಳಿದೀತು ಕೂಡ

2002ರ ಪ್ರಯೋಗದಲ್ಲಿ ಅಷ್ಟಾಗಿ ಪ್ರಚಾರವಾಗದ ಒಂದು ಫಲ ಇದೆ. ಔಷಧ ಪಡೆದ ಮೂರೂ ಗುಂಪುಗಳಲ್ಲಿ ಟಿಕ್‌ನ ತೀವ್ರತೆ ಇಳಿಯಿತು. ಎರಡೂ ಸೇರಿಸಿ ಕೊಟ್ಟವರಲ್ಲಿ ಎಲ್ಲಕ್ಕಿಂತ ಹೆಚ್ಚು, ನಂತರ ಕ್ಲೊನಿಡಿನ್, ನಂತರ ಮಿಥೈಲ್‌ಫೆನಿಡೇಟ್. ಸಂಶೋಧಕ ಕೆನೆತ್ ಗಡೋ ಅವರ 1990ರ ದಶಕದ ಪ್ರಯೋಗಗಳಲ್ಲಿಯೂ ಮಿಥೈಲ್‌ಫೆನಿಡೇಟ್ ಪಡೆದ ಮಕ್ಕಳ ಟಿಕ್ ಹದಗೆಡಲಿಲ್ಲ.

ಇದಕ್ಕೆ ಕೊಡುವ ವಿವರಣೆಗಳು ಎರಡು. ಗಮನ ನಿಂತ ಮೇಲೆ ತರಗತಿಯ ಬೈಗುಳ, ಮನೆಯ ಜಗಳ ಕಡಿಮೆಯಾಗಿ ಒತ್ತಡ ಇಳಿಯುತ್ತದೆ, ಅದರ ಹಿಂದೆ ಟಿಕ್ಕೂ ಇಳಿಯುತ್ತದೆ ಎಂಬುದು ಒಂದು. ಟಿಕ್ ತಡೆದು ಹಿಡಿಯುವ ಹತೋಟಿಯೇ ಔಷಧದಿಂದ ಬಲವಾಗುತ್ತದೆ ಎಂಬುದು ಇನ್ನೊಂದು. ಎರಡೂ ಸದ್ಯಕ್ಕೆ ಊಹೆಗಳು. ಅಮೆರಿಕದ ನರವೈದ್ಯರ ಅಕಾಡೆಮಿ 2019ರಲ್ಲಿ ಹೊರಡಿಸಿದ ಮಾರ್ಗಸೂಚಿ ಟಿಕ್ ಇರುವ ಮಗುವಿನಲ್ಲಿ ಎಡಿಎಚ್‌ಡಿಯನ್ನೂ ಹುಡುಕಿ, ಅದಕ್ಕೂ ಸರಿಯಾದ ಚಿಕಿತ್ಸೆ ಕೊಡಬೇಕು ಎನ್ನುತ್ತದೆ. ಅಲ್ಲಿನ ಔಷಧದ ಚೀಟಿಯಲ್ಲೂ ಟಿಕ್ ಈಗ ‘ಕೊಡಲೇಬಾರದು’ ಎಂಬ ಪಟ್ಟಿಯಿಂದ ಇಳಿದು ‘ಎಚ್ಚರದಿಂದ ನೋಡಿಕೊಳ್ಳಿ’ ಎಂಬ ಪಟ್ಟಿಗೆ ಬಂದಿದೆ.

ಟಿಕ್‌ನಂತೆ ಕಾಣುವವು

ವಾದಕ್ಕೆ ಇಳಿಯುವ ಮುಂಚೆ ಕಂಡದ್ದು ಟಿಕ್ ಹೌದೋ ಅಲ್ಲವೋ ಎಂದು ನೋಡಬೇಕು. ಉತ್ತೇಜಕ ತಿನ್ನುವ ಕೆಲವು ಮಕ್ಕಳು ತುಟಿ ಕಚ್ಚುತ್ತಾರೆ, ಉಗುರಿನ ಬದಿಯ ಚರ್ಮ ಕೀಳುತ್ತಾರೆ. ಇದು ಟಿಕ್ ಅಲ್ಲ, ಬಹುಮಟ್ಟಿಗೆ ಪ್ರಮಾಣ ಹೆಚ್ಚಾದುದರ ಸೂಚನೆ. ಧೂಳಿನ ಅಲರ್ಜಿಯಿಂದ ಕಣ್ಣು ತುರಿಸಿದರೂ ಮಗು ಮಿಟುಕಿಸುತ್ತದೆ.

ನಮ್ಮ ಸೀಮೆಯಲ್ಲಿ ಮರೆಯಬಾರದ ಇನ್ನೊಂದು ಸಿಡೆನ್‌ಹ್ಯಾಮ್ ಕೊರಿಯಾ. ಗಂಟಲು ಬೇನೆ ತರುವ ಸ್ಟ್ರೆಪ್ಟೊಕಾಕಸ್ ಸೋಂಕಿನ ಬೆನ್ನಿಗೆ ಬರುವ ರುಮ್ಯಾಟಿಕ್ ಜ್ವರದ ಒಂದು ರೂಪ ಇದು. ಶ್ರೀಮಂತ ದೇಶಗಳಲ್ಲಿ ವಿರಳವಾದರೂ ಭಾರತದಲ್ಲಿ ಇನ್ನೂ ಇದೆ. ಟಿಕ್ ಅದೇ ಚಲನೆಯನ್ನು ಮರಳಿ ಮರಳಿ ಮಾಡಿಸುತ್ತದೆ. ಕೊರಿಯಾದಲ್ಲಿ ಚಲನೆ ಒಂದು ಕಡೆಯಿಂದ ಇನ್ನೊಂದು ಕಡೆಗೆ ಹರಿಯುತ್ತಿರುತ್ತದೆ, ಕೈಯಲ್ಲಿ ಹಿಡಿದದ್ದು ಬೀಳುತ್ತದೆ, ಅಕ್ಷರ ಕೆಡುತ್ತದೆ. ಇದನ್ನು ಟಿಕ್ ಎಂದುಕೊಂಡು ಗುಳಿಗೆ ನಿಲ್ಲಿಸಿ ಸುಮ್ಮನಾದರೆ ಹೃದಯದ ಕವಾಟಕ್ಕೆ ಆಗುವ ಹಾನಿ ತಪ್ಪಿಹೋಗುವುದಿಲ್ಲ. ಅದಕ್ಕೆ ವರ್ಷಗಟ್ಟಲೆ ಪೆನ್ಸಿಲಿನ್ ಬೇಕು.

ಕೈಯಲ್ಲಿರುವ ದಾರಿಗಳು

ಟಿಕ್ ಸಣ್ಣದಿದ್ದು ಮಗುವಿಗೆ ತೊಂದರೆ ಇಲ್ಲದಿದ್ದರೆ ಕಾದು ನೋಡುವುದು ಮೊದಲ ದಾರಿ. ಪ್ರಮಾಣ ಇಳಿಸುವುದು ಎರಡನೆಯದು. ಆಟೊಮಾಕ್ಸೆಟಿನ್‌ಗೆ ಬದಲಿಸುವುದು ಮೂರನೆಯದು. ಉತ್ತೇಜಕವಲ್ಲದ ಈ ಔಷಧ ಟಿಕ್ ಹೆಚ್ಚಿಸುವುದಿಲ್ಲ ಎಂದು 2005ರಲ್ಲಿ 148 ಮಕ್ಕಳ ಪ್ರಯೋಗ ತೋರಿಸಿತು. ಆದರೆ ಪರಿಣಾಮ ಕಾಣಲು ವಾರಗಳು ಬೇಕು. ಕ್ಲೊನಿಡಿನ್ ಎರಡೂ ತೊಂದರೆಗಳಿಗೆ ಅಷ್ಟಿಷ್ಟು ಕೆಲಸ ಮಾಡುತ್ತದೆ. ಮಂಪರು ತರುತ್ತದೆ, ರಕ್ತದೊತ್ತಡ ಇಳಿಸುತ್ತದೆ. ಅದನ್ನು ಒಮ್ಮೆಲೇ ನಿಲ್ಲಿಸಿದರೆ ರಕ್ತದೊತ್ತಡ ಜಿಗಿಯುವ ಅಪಾಯವಿದೆ. ಗುಳಿಗೆ ತರಲು ಊರಿಂದ ಊರಿಗೆ ಹೋಗಬೇಕಾದ ಮನೆಗೆ ಇದು ಸಣ್ಣ ಮಾತಲ್ಲ.

ಔಷಧವಿಲ್ಲದ ದಾರಿಯೂ ಇದೆ. ಟಿಕ್ ಬರುವ ಮುಂಚಿನ ತಹತಹ ಗುರುತಿಸಿ, ಅದಕ್ಕೆ ಎದುರಾದ ಬೇರೆ ಚಲನೆಯನ್ನು ರೂಢಿಸುವ ತರಬೇತಿ ಅದು. 2010ರಲ್ಲಿ 126 ಮಕ್ಕಳ ಪ್ರಯೋಗದಲ್ಲಿ ಇದನ್ನು ಕಲಿತ ಶೇ 52.5 ಮಕ್ಕಳು ಸುಧಾರಿಸಿದರೆ, ಬರೀ ಸಮಾಧಾನ, ತಿಳಿವಳಿಕೆ ಪಡೆದವರಲ್ಲಿ ಸುಧಾರಿಸಿದ್ದು ಶೇ 18.5. ಕಲಿಸುವವರು ಸಿಗಬೇಕು ಎಂಬುದೊಂದೇ ತೊಡಕು.

ಹೂಲಿಯಿಂದ ಧಾರವಾಡದವರೆಗೆ

ಈ ದಾರಿಗಳು ಹಳ್ಳಿಯ ಮನೆಗೆ ಎಷ್ಟು ಹತ್ತಿರ ಎಂದು ನೋಡಲು ಸವದತ್ತಿ ತಾಲ್ಲೂಕಿನ ಹೂಲಿಯಂಥ ಊರನ್ನು ತೆಗೆದುಕೊಳ್ಳಿ. ಸವದತ್ತಿಯಿಂದ ಧಾರವಾಡಕ್ಕೆ ಸುಮಾರು 40 ಕಿ.ಮೀ. ಅಲ್ಲಿರುವ ಡಿಮ್ಹಾನ್ಸ್, ಅಂದರೆ ಧಾರವಾಡದ ಮಾನಸಿಕ ಆರೋಗ್ಯ ಮತ್ತು ನರವಿಜ್ಞಾನ ಸಂಸ್ಥೆ, 1845ರಲ್ಲಿ ಶುರುವಾದ ಹುಚ್ಚಾಸ್ಪತ್ರೆಯ ಮುಂದುವರಿಕೆ. ಹಳೆಯ ಹೆಸರಿನ ನೆರಳು ಇನ್ನೂ ಇರುವುದರಿಂದ ಮಗುವನ್ನು ಅಲ್ಲಿಗೆ ಕರೆದೊಯ್ಯಲು ಮನೆಯವರು ಹಿಂಜರಿಯುವುದುಂಟು. ರಾಜ್ಯದ ಮನೋಚೈತನ್ಯ ಯೋಜನೆಯಡಿ ಮಂಗಳವಾರಗಳಂದು ತಾಲ್ಲೂಕು ಆಸ್ಪತ್ರೆಗಳಿಗೆ ಮನೋವೈದ್ಯರು ಬರುವ ವ್ಯವಸ್ಥೆ 2014ರಲ್ಲಿ ಶುರುವಾಯಿತು. ಶಾಲೆ, ಅಂಗನವಾಡಿಗಳಲ್ಲಿ ಮಕ್ಕಳನ್ನು ತಪಾಸಿಸುವ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ಪಟ್ಟಿಯಲ್ಲಿ ಎಡಿಎಚ್‌ಡಿಯೂ ಇದೆ. 14416ಕ್ಕೆ ಫೋನ್ ಮಾಡಿದರೆ ಟೆಲಿ ಮಾನಸ್ ಸಹಾಯವಾಣಿಯಲ್ಲಿ ಕನ್ನಡದಲ್ಲಿಯೇ ಸಲಹೆ ಸಿಗುತ್ತದೆ.

ಹಳ್ಳಿಯ ಮಕ್ಕಳಿಗೆ ಇಂಥ ತೊಂದರೆ ಇಲ್ಲ, ಇದು ಪೇಟೆಯ ರೋಗ ಎಂಬ ನಂಬಿಕೆಗೆ ಆಧಾರವಿಲ್ಲ. ನಿಮ್ಹಾನ್ಸ್‌ನ ಶೋಭಾ ಶ್ರೀನಾಥ್ ಮತ್ತು ಸಂಗಡಿಗರು 2005ರಲ್ಲಿ ಪ್ರಕಟಿಸಿದ ಬೆಂಗಳೂರು ಸಮೀಕ್ಷೆಯಲ್ಲಿ ಹದಿನಾರು ವರ್ಷದೊಳಗಿನ ಮಕ್ಕಳಲ್ಲಿ ಶೇ 12.5 ಮಂದಿಗೆ ಒಂದಲ್ಲ ಒಂದು ಮಾನಸಿಕ ತೊಂದರೆ ಇತ್ತು. ಪೇಟೆ, ಕೊಳೆಗೇರಿ, ಹಳ್ಳಿಗಳ ನಡುವೆ ಹೇಳಿಕೊಳ್ಳುವಂಥ ಅಂತರ ಇರಲಿಲ್ಲ.

ಗುಳಿಗೆ ಸಿಗುವುದು ಬೇರೆಯದೇ ತಾಪತ್ರಯ. ಮಿಥೈಲ್‌ಫೆನಿಡೇಟ್ 1985ರ ಮಾದಕವಸ್ತು ಕಾಯ್ದೆಯ ಪಟ್ಟಿಯಲ್ಲಿದೆ. ಎಲ್ಲ ಮೆಡಿಕಲ್ ಶಾಪಿನವರೂ ಇಡುವುದಿಲ್ಲ. ಬಂದದ್ದು ಟಿಕ್ ಎಂದು ಗುಳಿಗೆ ನಿಲ್ಲಿಸಿಬಿಟ್ಟರೆ ಮತ್ತೆ ಶುರು ಮಾಡಲು ಇನ್ನೊಂದು ಪ್ರಯಾಣ, ಇನ್ನೊಂದು ದಿನದ ಕೂಲಿ ಬೇಕು. ಆದ್ದರಿಂದ ಈ ಸೀಮೆಯಲ್ಲಿ ದುಡುಕಿ ನಿಲ್ಲಿಸುವುದಕ್ಕೆ ದೊಡ್ಡ ನಗರಕ್ಕಿಂತ ಹೆಚ್ಚಿನ ಬೆಲೆ ತೆರಬೇಕಾಗುತ್ತದೆ.

ಖಾಲಿ ಗುಳಿಗೆಯ ಪ್ರಯೋಗಗಳಿಂದ ಮನೆಯವರು ಕಲಿಯಬಹುದಾದ ಪಾಠ ಒಂದಿದೆ: ಹೋಲಿಕೆ ಇಲ್ಲದೆ ತೀರ್ಪು ಇಲ್ಲ. ಗುಳಿಗೆ ಶುರು ಮಾಡುವ ಮುಂಚಿನ ಎರಡು ವಾರ ಮಗುವಿನ ಕಣ್ಣು, ಹೆಗಲು, ಗಂಟಲಿನ ಚಲನೆಗಳನ್ನು ಗೋಡೆಯ ಕ್ಯಾಲೆಂಡರಿನ ಮೇಲೆ ಗುರುತು ಹಾಕಿಡಬಹುದು. ಮೊಬೈಲಿನಲ್ಲಿ ಒಂದೊಂದು ನಿಮಿಷದ ವಿಡಿಯೊ ತೆಗೆದಿಡಬಹುದು. ಮಾಸ್ತರರಿಗೋ ಅಕ್ಕೋರಿಗೋ ಕೇಳಿ ಶಾಲೆಯಲ್ಲಿ ಕಂಡದ್ದನ್ನೂ ಸೇರಿಸಬಹುದು. ಅಪ್ಪ, ಚಿಕ್ಕಪ್ಪ, ಸೋದರಮಾವ ಚಿಕ್ಕವರಿದ್ದಾಗ ಹೀಗೆ ಮಾಡುತ್ತಿದ್ದರೇ ಎಂದು ಅಜ್ಜಿಯನ್ನು ಕೇಳಬಹುದು. ಶುರುವಾದ ಮೇಲೂ ಇದೇ ಲೆಕ್ಕ ಮುಂದುವರಿಯಬೇಕು. ಪರೀಕ್ಷೆಯ ವಾರ, ಎಲ್ಲಮ್ಮನ ಗುಡ್ಡದ ಜಾತ್ರೆಯ ವಾರ, ಜ್ವರದ ದಿನ ಯಾವುವೆಂದೂ ಬರೆದಿರಬೇಕು. ಸಾದಾ ಮಿಥೈಲ್‌ಫೆನಿಡೇಟ್ ಗುಳಿಗೆಯ ಪರಿಣಾಮ ಮೂರು ನಾಲ್ಕು ತಾಸಿನದು. ಹಾಗಾಗಿ ವೈದ್ಯರ ಸಲಹೆಯಂತೆ ಕೆಲವು ದಿನ ಬಿಟ್ಟು, ಮತ್ತೆ ಕೊಟ್ಟು ನೋಡುವುದು ಸಾಧ್ಯ. ಒಮ್ಮೆ ಬಿಟ್ಟು ನೋಡಿದರೆ ಸಾಲದು. ಟಿಕ್ ತಾನಾಗಿಯೂ ಇಳಿಯುವುದರಿಂದ, ಅದೇ ಫಲ ಮರುಕಳಿಸಿದರಷ್ಟೇ ಗುಳಿಗೆಯ ಮೇಲಿನ ಆರೋಪಕ್ಕೆ ಆಧಾರ ಸಿಗುತ್ತದೆ.

ಇನ್ನೂ ಇತ್ಯರ್ಥವಾಗದವು

ಮೊದಲನೆಯದು, ಉತ್ತೇಜಕಕ್ಕೆ ನಿಜವಾಗಿ ಟಿಕ್ ಏರುವ ಸಣ್ಣ ಗುಂಪೊಂದು ಇದೆಯೇ? ಸರಾಸರಿಯಲ್ಲಿ ಕೆಲವರಿಗೆ ಏರಿ ಕೆಲವರಿಗೆ ಇಳಿದರೆ ಫಲ ಸೊನ್ನೆಯಾಗಿಯೇ ಕಾಣುತ್ತದೆ. ಇಂಥ ಮಗುವನ್ನು ಮುಂಚಿತವಾಗಿ ಗುರುತಿಸುವ ಪರೀಕ್ಷೆ ಯಾವುದೂ ಇಲ್ಲ.

ಎರಡನೆಯದು ಕಾಲ. ಹೆಚ್ಚಿನ ಪ್ರಯೋಗಗಳು ಕೆಲವೇ ವಾರಗಳವು, ಮಕ್ಕಳು ಗುಳಿಗೆ ತಿನ್ನುವುದು ವರ್ಷಗಟ್ಟಲೆ. ಆ ವರ್ಷಗಳಲ್ಲಿ ಟಿಕ್‌ನ ಸಹಜ ಏರಿಳಿತವನ್ನು ಗುಳಿಗೆ ಬದಲಿಸುತ್ತದೆಯೇ ಎಂಬುದಕ್ಕೆ ಖಾಲಿ ಗುಳಿಗೆಯ ಹೋಲಿಕೆ ಸಿಗಲಾರದು. ಅಷ್ಟು ಕಾಲ ಮಗುವನ್ನು ಚಿಕಿತ್ಸೆಯಿಲ್ಲದೆ ಇಡುವುದು ನ್ಯಾಯವಲ್ಲ.

ಮೂರನೆಯದು, ತೀವ್ರ ಟುರೆಟ್ ಇದ್ದ ಮಕ್ಕಳು ಈ ಪ್ರಯೋಗಗಳಲ್ಲಿ ಕಡಿಮೆ. ಭಾಗವಹಿಸಿದ ಮಕ್ಕಳಲ್ಲಿ ಹೆಚ್ಚಿನವರು ಉತ್ತರ ಅಮೆರಿಕದವರು. ಅಲ್ಲಿನ ಸಮಾಧಾನದ ಅಂಕಿಗಳನ್ನು ಬೇರೆ ಊಟ, ಬೇರೆ ಸೋಂಕು, ಬೇರೆ ತೂಕದ ಮಕ್ಕಳಿಗೆ ಎಷ್ಟರಮಟ್ಟಿಗೆ ಅನ್ವಯಿಸಬಹುದು ಎಂಬುದು ತೆರೆದ ಪ್ರಶ್ನೆ.

ನಾಲ್ಕನೆಯದನ್ನು ಯಾವ ಪ್ರಯೋಗವೂ ಬಗೆಹರಿಸಲಾರದು. ಟಿಕ್ ನೋಡುವವರ ಕಣ್ಣಿಗೆ ಮೊದಲು ಬೀಳುತ್ತದೆ, ಆದ್ದರಿಂದ ಮನೆಯವರನ್ನು ಹೆಚ್ಚು ಕಾಡುತ್ತದೆ. ಗಮನ ನಿಲ್ಲದೆ ಪಾಠ ಕೈತಪ್ಪುವುದು ಹೊರಗೆ ಕಾಣುವುದಿಲ್ಲ, ಆದರೆ ಮಗುವಿನ ಮುಂದಿನ ದಾರಿಯನ್ನು ಹೆಚ್ಚು ಕೆಡಿಸುವುದು ಅದೇ ಆಗಿರಬಹುದು. ಗುಳಿಗೆಯಿಂದಲೇ ಟಿಕ್ ಒಂದಿಷ್ಟು ಹೆಚ್ಚಾಯಿತು ಎಂದು ಖಚಿತವಾದರೂ, ಶಾಲೆ ಸುಧಾರಿಸಿದ್ದಕ್ಕೆ ಅದನ್ನು ಸಹಿಸಬೇಕೋ ಬೇಡವೋ ಎಂದು ಯಾರು ಹೇಳಬೇಕು? ವೈದ್ಯರು ತೂಕದ ಎರಡೂ ತಟ್ಟೆಗಳನ್ನು ತೋರಿಸಬಲ್ಲರು. ತೂಗುವಾಗ ಹತ್ತು ವರ್ಷದ ಮಗುವಿನ ಮಾತಿಗೆ ಎಷ್ಟು ಬೆಲೆ ಕೊಡಬೇಕು ಎಂಬುದನ್ನು ಐವತ್ತು ವರ್ಷಗಳ ಈ ವಾದ ಇನ್ನೂ ಸರಿಯಾಗಿ ಕೇಳಿಯೇ ಇಲ್ಲ.